ಮಗಳಿಗಿಂತ ಚಿಕ್ಕವನಾಗಿ ಬಂದ, ನನಗಿಂತ ಹಿರಿಯನಾಗಿ ಹೋದ

ಕೇಳುಗರಿಗೆಲ್ಲ ನಮಸ್ಕಾರ.

ಪಶು ಆಸ್ಪತ್ರೆಗೆ ನಾಯಿಮರಿ ಎತ್ತಿಕೊಂಡು ಬಂದವರು ಮೊದಲು ಕೇಳುವುದು ಊಟದ ಬಗ್ಗೆ. ಆಮೇಲೆ ಇಂಜೆಕ್ಷನ್ ಬಗ್ಗೆ. ಹೊರಡುವ ಹೊತ್ತಿಗೆ ಚೂರು ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: "ಸಾಹೇಬ್ರ, ಇದು ಎಷ್ಟ ವರ್ಷ ಬದಕತೈತ್ರಿ?"

ನಾನು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಪಶು ಪರಿವೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಊರವರ ಬಾಯಲ್ಲಿ 'ದನದ ಡಾಕ್ಟರು'. ನಿಜವಾದ ಡಾಕ್ಟರು ಬೇರೆ ಇರುತ್ತಿದ್ದರು. ಆದರೆ ನಡುರಾತ್ರಿ ಜನ ಬಡಿಯುತ್ತಿದ್ದದ್ದು ನಮ್ಮ ಮನೆಯ ಬಾಗಿಲನ್ನೇ. ಆ ಪ್ರಶ್ನೆಗೆ ನನ್ನ ಉತ್ತರ ಬಾಯಿಪಾಠ ಆಗಿಬಿಟ್ಟಿತ್ತು. ನಾಯಿಗೆ 10ರಿಂದ 14 ವರ್ಷ. ಬೆಕ್ಕು ಮನೆಯೊಳಗೇ ಇದ್ದರೆ ಇನ್ನೆರಡು ವರ್ಷ ಜಾಸ್ತಿ. ಎತ್ತನ್ನು ಚೆನ್ನಾಗಿ ನೋಡಿಕೊಂಡರೆ 15ರಿಂದ 20. ಇದರಲ್ಲಿ ಒಂದು ವಿಚಿತ್ರ ಇದೆ. ದೊಡ್ಡ ಮೈಯ ಪ್ರಾಣಿ ಸಾಮಾನ್ಯವಾಗಿ ಜಾಸ್ತಿ ದಿನ ಬದುಕುತ್ತದೆ. ಇಲಿ ಬೇಗ ಹೋಗುತ್ತದೆ, ಆನೆ ನಿಧಾನಕ್ಕೆ. ಆದರೆ ನಾಯಿ ತಳಿಗಳ ನಡುವೆ ನೋಡಿದರೆ ಇದು ಉಲ್ಟಾ. ಕರುವಿನಷ್ಟು ಎತ್ತರದ ಗ್ರೇಟ್ ಡೇನ್ ಎಂಟು ವರ್ಷಕ್ಕೆ ಮುದಿಯಾಗಿರುತ್ತದೆ, ಅಂಗೈಯಗಲದ ಪೊಮೆರೇನಿಯನ್ ಹದಿನಾಲ್ಕಕ್ಕೂ ಬೊಗಳುತ್ತಲೇ ಇರುತ್ತದೆ.

ಉತ್ತರ ಕೇಳಿ ಜನ ಖುಷಿಯಿಂದಲೇ ಹೋಗುತ್ತಿದ್ದರು. ಕೈಯಲ್ಲಿರುವುದು ಎರಡು ತಿಂಗಳ ಮರಿ. ಹನ್ನೆರಡು ವರ್ಷ ಅಂದರೆ ಯಾರಿಗೆ ಹತ್ತಿರ ಅನ್ನಿಸುತ್ತದೆ ಹೇಳಿ?

ನಮ್ಮದು ಮುಧೋಳ ಸೀಮೆ. ಮುಧೋಳ ಬೇಟೆನಾಯಿಯಿಂದಲೇ ಊರಿನ ಹೆಸರು ದಿಲ್ಲಿಯವರೆಗೆ ಹೋಗಿದೆ. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಇದರ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ಇದೆ. ಸೇನೆಯವರೂ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಇದನ್ನೆಲ್ಲ ಹೇಳುವಾಗ ನಮ್ಮ ಎದೆ ಉಬ್ಬುತ್ತದೆ, ಸಹಜ. ಆದರೆ ಅಂಚೆಚೀಟಿಯ ಮೇಲಿನ ನಾಯಿಗೆ ವಯಸ್ಸಾಗುವುದಿಲ್ಲ. ನಮ್ಮ ಮನೆಯದಕ್ಕೆ ಆಗುತ್ತದೆ.

ನಮ್ಮ ಮನೆಯವನ ಹೆಸರು ಸರದಾರ. ಗೆಳೆಯರೊಬ್ಬರ ತೋಟದಲ್ಲಿ ಹುಟ್ಟಿದವನು. ಕಣ್ಣು ತೆರೆಯುವ ಮುಂಚೆಯೇ ನೋಡಿ ಬಂದಿದ್ದೆ. ಎರಡು ತಿಂಗಳಿಗೆ ಮನೆಗೆ ತಂದಾಗ ಮಗಳು ಮೂರನೇ ಇಯತ್ತೆ. ಅವಳ ತಮ್ಮನ ಹಾಗೆಯೇ ಬೆಳೆದ. ಒಂದು ವರ್ಷ ತುಂಬುವುದರೊಳಗೆ ಹೊಲದ ಬದುವಿನ ಮೇಲೆ ಅವನು ಓಡಿದರೆ ಕಣ್ಣಿಗೆ ಸಿಗುತ್ತಿರಲಿಲ್ಲ. ಈ ತಳಿ ಜೋರಾಗಿ ಓಡುವಾಗ ಒಂದೊಂದು ನೆಗೆತಕ್ಕೆ ಎರಡೆರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಮ್ಮೆ ಮೈ ಚಾಚಿದಾಗ, ಒಮ್ಮೆ ಮೈ ಮುದುಡಿದಾಗ. ನೆಲಕ್ಕೂ ಅವನಿಗೂ ಅಷ್ಟೇನೂ ಸಂಬಂಧ ಇಲ್ಲವೇನೋ ಅನ್ನಿಸುತ್ತಿತ್ತು.

ನಾಯಿಯ ಮೊದಲ ವರ್ಷ ಮನುಷ್ಯರ ಸುಮಾರು ಹದಿನೈದು ವರ್ಷಕ್ಕೆ ಸಮ ಎನ್ನುತ್ತಾರೆ. ಎರಡನೆಯದು ಒಂಬತ್ತಕ್ಕೆ. ಆಮೇಲೆ ವರ್ಷಕ್ಕೆ ಐದರ ಹಾಗೆ ಕೂಡುತ್ತಾ ಹೋಗಬಹುದು. ಈ ಲೆಕ್ಕ ಹಿಡಿದರೆ ಸರದಾರ ಎರಡು ವರ್ಷದೊಳಗೆ ಮಗಳನ್ನು ದಾಟಿದ. ಅವನಿಗೆ ಎಂಟು ತುಂಬುವಾಗ ನನ್ನ ಓರಗೆಯವನಾದ. ಮೂತಿ ಬೆಳ್ಳಗಾಯಿತು. ನನಗೂ ಅದೇ ವರ್ಷ ಮೀಸೆ ಬೆಳ್ಳಗಾದದ್ದು. ಆಮೇಲೆ ನನ್ನನ್ನೂ ಬಿಟ್ಟು ಮುಂದೆ ನಡೆದ. ಒಂದೇ ನೆಗೆತಕ್ಕೆ ಕಟ್ಟೆ ಏರುತ್ತಿದ್ದವನು ಮುಂಗಾಲು ಎರಡನ್ನೂ ಕಟ್ಟೆಯ ಮೇಲೆ ಊರಿ, ಹಿಂತಿರುಗಿ ನಮ್ಮ ಮುಖ ನೋಡುತ್ತಿದ್ದ. ಹಿಂದಿನಿಂದ ಎತ್ತಿ ಕೂಡಿಸಬೇಕು. ಕೂಡಿಸಿದ ಮೇಲೆ ತಾನೇ ಹತ್ತಿದವನ ಹಾಗೆ ಠೀವಿಯಿಂದ ಕೂರುತ್ತಿದ್ದ.

ನಾನು ಹೇಳಬೇಕೆಂದು ಬಂದ ಮಾತು ಇಲ್ಲೇ ಇದೆ. ಅಪ್ಪ-ಅವ್ವನ ಬಾಲ್ಯವನ್ನು ನಾವು ನೋಡಿಲ್ಲ. ಅವರು ನಮಗೆ ಸಿಕ್ಕಿದ್ದೇ ದೊಡ್ಡವರಾಗಿ. ಮಕ್ಕಳ ಮುಪ್ಪನ್ನು ನಾವು ನೋಡುವುದಿಲ್ಲ, ನೋಡಲೂಬಾರದು. ಗಂಡ-ಹೆಂಡತಿ ನಡುವಿನಲ್ಲಿ ಸೇರಿಕೊಂಡವರು. ಹೀಗೆ ನಮ್ಮವರೆಲ್ಲರ ಬದುಕು ನಮಗೆ ತುಂಡುತುಂಡಾಗಿಯೇ ಕಾಣುವುದು. ಒಂದು ಜೀವ ಕಣ್ಣು ಬಿಡುವುದರಿಂದ ಹಿಡಿದು ಉಸಿರು ನಿಲ್ಲಿಸುವವರೆಗೆ ಪೂರ್ತಿಯಾಗಿ, ನಮ್ಮದೇ ಅಂಗಳದಲ್ಲಿ ನೋಡಲು ಸಿಗುವುದು ಮನೆಯ ಪ್ರಾಣಿಯದು ಮಾತ್ರ. ಎಲ್ಲರೂ ಒಂದು ದಿನ ಹೋಗುವವರೇ ಎಂದು ಸಾವಿರ ಸಲ ಕೇಳಿರುತ್ತೇವೆ. ಅದು ಕಿವಿಯ ತಿಳಿವಳಿಕೆ. ಇದು ಕೈಯಿಂದ ಮುಟ್ಟಿದ್ದು.

ಮುಟ್ಟಿದ್ದು ಎಂದೆ. ಅವನಿಗೆ ಆಗ ಹನ್ನೆರಡರ ಆಸುಪಾಸು. ಮೂತ್ರಪಿಂಡ ಕೈಕೊಟ್ಟಿತ್ತು. ನೀರು ಜಾಸ್ತಿ ಕುಡಿಯುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ. ಸಲೈನ್ ಹಾಕಿದೆವು. ನಾಯಿಯ ಮೈ ನಮ್ಮದಕ್ಕಿಂತ ಬಿಸಿ, 101ರಿಂದ 102 ಡಿಗ್ರಿ ಅದಕ್ಕೆ ಮಾಮೂಲು. ಕೊನೆಯ ದಿನ 98ಕ್ಕಿಂತ ಕೆಳಗೆ ಬಂದಿತ್ತು. ಕಿವಿ ತಣ್ಣಗೆ, ಪಂಜ ತಣ್ಣಗೆ. ತುಟಿ ಸರಿಸಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಆರೋಗ್ಯದ ನಾಯಿಯಲ್ಲಿ ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆ. ಅವನಲ್ಲಿ ಬೆಳ್ಳಗೇ ಉಳಿಯಿತು. ನೌಕರಿಯಲ್ಲಿ ಆ ಪರೀಕ್ಷೆಯನ್ನು ಎಷ್ಟು ದನಕರುಗಳಿಗೆ ಮಾಡಿದ್ದೆನೋ! ಅವತ್ತು ಮಾತ್ರ ಹೆಬ್ಬೆರಳನ್ನು ತೆಗೆಯದೆ ಸುಮ್ನೆ ಕೂತೆ.

ಸತ್ತ ನಾಯಿಯ ಕಣ್ಣು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಉಸಿರು ನಿಂತ ಮೇಲೂ ಒಂದೆರಡು ಸಲ ಮೈ ನಡುಗಿ, ಬಾಯಿ ತೆರೆದು ಗಾಳಿ ಎಳೆದಂತೆ ಆಗಬಹುದು. ಮನೆಯವರು "ಜೀವ ಐತ್ರಿ, ಜೀವ ಐತಿ" ಎಂದು ಕೂಗುತ್ತಾರೆ. ಇರುವುದಿಲ್ಲ. ಅದು ನರಗಳ ಕೊನೆಯ ಕೆಲಸ, ಪ್ರಾಣಿಗೆ ಆಗ ನೋವು ಗೊತ್ತಾಗುವುದಿಲ್ಲ. ಇದನ್ನು ತಿಳಿದಿರುವುದು ಒಳ್ಳೆಯದು, ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ನಾಯಿ ಸತ್ತ ಮನೆಗೂ ಎತ್ತು ಸತ್ತ ಮನೆಗೂ ನಮ್ಮ ಕಡೆ ಒಂದು ವ್ಯತ್ಯಾಸ ಇದೆ. ಎತ್ತು ಸತ್ತರೆ ಊರೇ ಮಾತಾಡಿಸಲು ಬರುತ್ತದೆ. ವಿಭೂತಿ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಭಜನೆಯವರನ್ನು ಕರೆಸಿ ಹೊಲದಲ್ಲೇ ಮಣ್ಣು ಮಾಡಿದ್ದನ್ನು ಕಂಡಿದ್ದೇನೆ. ರೈತ ಟವೆಲ್ ಮುಖಕ್ಕೆ ಹಿಡಿದು ಅತ್ತರೆ ಯಾರೂ ನಗುವುದಿಲ್ಲ. ಅದರಲ್ಲಿ ಎರಡು ದುಃಖ ಕೂಡಿರುತ್ತವೆ. ಜೀವ ಹೋಯಿತು, ಜೋಡಿ ಮುರಿದು ಬಿತ್ತನೆಯೂ ನಿಂತಿತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಸರಕಾರ ಸತ್ತ ಎತ್ತಿಗೆ 30 ಸಾವಿರ, ಆಕಳಿಗೆ 20 ಸಾವಿರ ರೂಪಾಯಿ ಪರಿಹಾರ ಕೊಟ್ಟಿತು. ಕೊಡಬೇಕಾದದ್ದೇ. ನಾಯಿ ಸತ್ತರೆ ಪರಿಹಾರವೂ ಇಲ್ಲ, ಮಾತಾಡಿಸಲು ಬರುವವರೂ ಇಲ್ಲ. "ಒಂದ ನಾಯಿ ಸಲುವಾಗಿ ಇಷ್ಟ್ಯಾಕೋ ತಮ್ಮಾ, ಇನ್ನೊಂದು ತಂದರಾತು" ಎನ್ನುತ್ತಾರೆ. ಗಂಡಸರಂತೂ ಗೋದಾಮಿನ ಹಿಂದೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾರೆ.

ಇನ್ನೊಬ್ಬರು ಹಿರಿಯರು ನನಗೆ ಬೇರೆ ರೀತಿ ಹೇಳಿದರು. "ಮೋಹ ಇಟಗೊಂಡಿ, ಅದಕ್ಕ ಸಂಕಟ. ಸಾಕೋದ ಬಿಡು." ನಾನು ಅವರಿಗೆ ಎದುರಾಡಲಿಲ್ಲ. ಆದರೆ ಈ ಅಜ್ಜನೇ ದಿನಾ ಊಟದ ಕೊನೆಗೆ ರೊಟ್ಟಿಯ ತುಣುಕೊಂದನ್ನು ಹಾಲಿನಲ್ಲಿ ಅದ್ದಿ, ಕಾಲ ಬಳಿ ಕೂತ ಬೆಕ್ಕಿಗೆ ಕೊಡುತ್ತಾರೆ. ಸೊಸೆ ಕಾಣದ ಹಾಗೆ. ಹೋಗುವ ಜೀವ ಎಂದು ಗೊತ್ತಿದ್ದರೂ ಹಾಲು ಹಾಕುವುದನ್ನು ಅವರೂ ಬಿಟ್ಟಿಲ್ಲ.

ನಮ್ಮ ಹಬ್ಬಗಳನ್ನು ನೋಡಿ. ಕಾರ ಹುಣ್ಣಿಮೆಗೆ ಜೀವಂತ ಎತ್ತಿನ ಪೂಜೆ. ಕೊಂಬಿಗೆ ಬಣ್ಣ, ಬೆನ್ನಿಗೆ ಝೂಲ, ಎತ್ತು ಓಡಿಸಿ ತೋರಣ ಹರಿಯುವ 'ಕರಿ ಹರಿಯುವ' ಗದ್ದಲ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಎರೆ ಮಣ್ಣು ಕಲಸಿ ಎತ್ತಿನ ಜೋಡಿ ಮಾಡುತ್ತೇವೆ, ಮುಂದೊಂದು ಪುಟ್ಟ ಗ್ವಾದಲಿ, ಅಂದರೆ ಮೇವಿನ ತೊಟ್ಟಿಯನ್ನೂ ಮಾಡುತ್ತೇವೆ. ಮಗಳು ಚಿಕ್ಕವಳಿದ್ದಾಗ ಜೋಳದ ಕಾಳು ಒತ್ತಿ ಅವುಗಳಿಗೆ ಕಣ್ಣು ಇಡುತ್ತಿದ್ದಳು. ಜಗಲಿಯ ಮೇಲಿಟ್ಟು ಹೋಳಿಗೆ ಎಡೆ. ಆಮೇಲೆ? ಬಾವಿಗೋ ಹಳ್ಳಕ್ಕೋ ಬಿಡುವುದು, ಇಲ್ಲವೇ ಮಾಳಿಗೆಯ ಮೇಲಿಟ್ಟು ಮಳೆಗೆ ಒಪ್ಪಿಸುವುದು. ಮುಂಗಾರಿನ ನಾಲ್ಕು ಹನಿ ಬಿದ್ದರೆ ಮೊದಲು ಕೊಂಬು ಕರಗುತ್ತವೆ, ಆಮೇಲೆ ಇಣಿ, ಅಂದರೆ ಹೆಗಲ ಮೇಲಿನ ಡುಬ್ಬ. ಹುಡುಗರು ಕಾಲು ಮುರಿದ ಎತ್ತನ್ನೂ ಬಿಡುವುದಿಲ್ಲ. ಕುಂಟೆತ್ತು ಬಂದಿದೆ ಎಂದು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಕರಗುತ್ತದೆ ಎಂದು ಗೊತ್ತಿದ್ದೇ ಕಣ್ಣು ಇಡುತ್ತೇವೆ, ಅಲ್ವಾ? ಕರಗುವುದೇ ಆದರೆ ಸುಮ್ನೆ ಒಂದು ಮುದ್ದೆ ಇಟ್ಟರಾಯಿತು ಎಂದು ಯಾವ ಅಜ್ಜಿಯೂ ಹೇಳಿದ್ದು ನಾನು ಕೇಳಿಲ್ಲ.

ಆದಿಲ್‌ಶಾಹಿಗಳ ವಿಜಯಪುರಕ್ಕೆ ಹೋದಾಗಲೂ ಇದೇ ನೆನಪಾಗುತ್ತದೆ. ಎರಡನೇ ಅಲಿ ಆದಿಲ್ ಶಾಹ ಗೋಳಗುಮ್ಮಟವನ್ನೂ ಮೀರಿಸುವ ಸಮಾಧಿ ಕಟ್ಟಿಸಲು ಹೊರಟ. 1672ರಲ್ಲಿ ತೀರಿಕೊಂಡ. ಆ ಸಮಾಧಿಯೇ ಬಾರಾ ಕಮಾನ್, ಇವತ್ತಿಗೂ ಬರೀ ಕಮಾನುಗಳಾಗಿಯೇ ನಿಂತಿದೆ. ಅವನ ಅಜ್ಜ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನವನು. ಅವನಿಗೆ ಆತಶ್ ಖಾನ್ ಎಂಬ ಆನೆಯ ಮೇಲೆ ಎಲ್ಲಿಲ್ಲದ ಪ್ರೀತಿ. ತನ್ನ ಹಾಡುಗಳಲ್ಲಿ ಆ ಆನೆಯನ್ನು ಹೊಗಳಿದ, ಚಿತ್ರಗಾರರು ಅದನ್ನು ಬರೆದರು. ತಂಬೂರಿಗೂ ಮೋತಿ ಖಾನ್ ಎಂದು ಹೆಸರಿಟ್ಟಿದ್ದನಂತೆ, ಅಂಥ ಮನುಷ್ಯ. ದೊರೆ 1627ರಲ್ಲಿ ಹೋದ. ತನ್ನ ಸಮಾಧಿ ಇಬ್ರಾಹಿಂ ರೋಜಾದಲ್ಲಿ ಮಲಗಿದ್ದಾನೆ. ಆನೆಗೆ ಇಂಥದ್ದರ ಚಿಂತೆ ಇದ್ದಿರಲಿಕ್ಕಿಲ್ಲ. ಪ್ರಾಣಿಗಳು ನಾಳೆಗೆ ಅಂತ ಏನನ್ನೂ ಕಟ್ಟಿಸುವುದಿಲ್ಲ. ಸರದಾರ ಕೊನೆಯ ದಿನ ಬೆಳಿಗ್ಗೆಯೂ ಹಾಲಿನವನ ಸೈಕಲ್ ಗಂಟೆಗೆ ಬಾಲದ ತುದಿ ಆಡಿಸಿದ್ದ.

ಮಕ್ಕಳ ವಿಷಯ ಹೇಳಲೇಬೇಕು. ನಮ್ಮ ಓಣಿಯಲ್ಲಿ ಒಂದು ಮನೆಯ ಬೆಕ್ಕು ಸತ್ತಾಗ ಹುಡುಗಿಗೆ "ಅಜ್ಜಿ ಊರಿಗೆ ಹೋಗೈತಿ" ಎಂದುಬಿಟ್ಟರು. ಅವಳು ಸಂಜೆ ಅಜ್ಜಿಗೆ ಫೋನ್ ಹಚ್ಚಿ, ಬೆಕ್ಕಿನ ಕೈಗೆ ಫೋನ್ ಕೊಡು ಎಂದು ಹಟ ಹಿಡಿದಳು. ಪಾಪ, ಅಜ್ಜಿಗೆ ಏನೂ ಗೊತ್ತಿಲ್ಲ! ಹೀಗೆ ಮಾಡಬೇಡಿ. 'ಮಲಗಿದೆ' ಎಂದೂ ಹೇಳಬೇಡಿ, ಮಗು ತಾನು ಮಲಗಲು ಹೆದರುತ್ತದೆ. ಸತ್ತಿದೆ, ಇನ್ನು ಬರುವುದಿಲ್ಲ ಎಂದು ಹೇಳಿ. ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ, ಒಂದು ಹಿಡಿ ಮಣ್ಣು ಹಾಕಲು ಬಿಡಿ. ಮಗು ಹತ್ತು ಪ್ರಶ್ನೆ ಕೇಳುತ್ತದೆ. "ಮಳೆ ಬಂದರ ಅದಕ್ಕ ಥಂಡಿ ಆಗಂಗಿಲ್ಲಾ?" ಎಂದು ನನಗೆ ಒಬ್ಬ ಹುಡುಗ ಕೇಳಿದ್ದ. ಆಗುವುದಿಲ್ಲ ಎಂದೆ. ಅಷ್ಟು ಸಾಕಾಯಿತು ಅವನಿಗೆ. ಆಟಕ್ಕೆ ಓಡಿದ.

ಗುಂಡಿ ನಾಲ್ಕೈದು ಅಡಿ ಆಳ ಇರಲಿ, ಬಾವಿ-ಬೋರ್‌ವೆಲ್‌ನಿಂದ ದೂರ ಇರಲಿ, ಮೇಲೆ ಸುಣ್ಣ ಹಾಕಿ. ಇಲ್ಲದಿದ್ದರೆ ಬೀದಿನಾಯಿಗಳು ಕೆದರುತ್ತವೆ. ಒಂದು ಎಚ್ಚರಿಕೆ. ನಾಯಿ ಸಾಯುವ ಮುಂಚೆ ಜೊಲ್ಲು ಸುರಿಸಿ, ಸಿಕ್ಕವರನ್ನು ಕಚ್ಚಲು ಬಂದಿದ್ದರೆ ಹುಚ್ಚುನಾಯಿ ರೋಗದ ಅನುಮಾನ ಇಟ್ಟುಕೊಳ್ಳಿ. ಪ್ರೀತಿಯಿಂದ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಚ್ಚಿದ್ದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಇದನ್ನು ಕೇಳುತ್ತಿರುವ ಕೆಲವರ ಮನೆಯಲ್ಲಿ ವಯಸ್ಸಾದ ನಾಯಿ ಇದ್ದೀತು. ಇಳಕಲ್ ಗ್ರಾನೈಟ್ ಹಾಕಿಸಿದ ನೆಲ ನಮಗೆ ಚಂದ, ಮುದಿ ನಾಯಿಗೆ ಕಾಲು ಜಾರುತ್ತದೆ. ಅದು ಓಡಾಡುವ ಕಡೆ ಗೋಣಿತಟ್ಟು ಹಾಸಿ. ನೀರಿನ ಬಟ್ಟಲನ್ನು ಮಲಗುವ ಜಾಗದ ಹತ್ತಿರಕ್ಕೆ ತನ್ನಿ. ಹಲ್ಲು ಸಡಿಲಾಗಿರುತ್ತವೆ, ರೊಟ್ಟಿಯನ್ನು ನೆನೆಸಿ ಕೊಡಿ. ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಗೆ ಆಗುವುದಿಲ್ಲ, ಒಗ್ಗರಣೆ ಹಾಕುವ ಮುಂಚೆ ಅದರ ಪಾಲು ತೆಗೆದಿಡಿ. ಕರೆದರೆ ಬರಲಿಲ್ಲ ಎಂದು ಬೈಯಬೇಡಿ, ಕಿವಿ ಮಂದ ಆಗಿರಬಹುದು. ಕಾಲಿನಿಂದ ನೆಲವನ್ನು ಒಮ್ಮೆ ತಟ್ಟಿ ನೋಡಿ. ಅದುರಿದ್ದು ಗೊತ್ತಾಗಿ ಎದ್ದು ಬರುತ್ತದೆ.

ನಮಸ್ಕಾರ.