ಹೆಸರಿನಲ್ಲೇ ಇರುವ ಅಡುಗೆ: ಕೋಹಾಗ್ ಚಿಪ್ಪಿನ ಕುರಿತು

ಎಲ್ಲರಿಗೂ ನಮಸ್ಕಾರ.

ಮರುವಾಯಿ ಸುಕ್ಕ, ಅಂದರೆ ನಮ್ಮ ಕರಾವಳಿಯ ಚಿಪ್ಪುಮೀನಿನ ಒಣ ಮಸಾಲೆ ಪಲ್ಯ, ತಿಂದು ಬೆಳೆದು, ಈಗ ಅಮೆರಿಕದ ಈ ಪೂರ್ವ ತೀರದಲ್ಲಿ ಸಂಸಾರ ಹೂಡಿದವರು ಇಲ್ಲಿ ಹಲವರಿದ್ದೀರಿ. ಇಲ್ಲಿನ ಮೀನಂಗಡಿಯಲ್ಲಿ ಐಸಿನ ಮೇಲೆ ಚಿಪ್ಪಿನ ರಾಶಿಗಳು, ಅವುಗಳಿಗೆ ನಾಲ್ಕು ಚೀಟಿ: ಲಿಟಲ್‌ನೆಕ್, ಟಾಪ್‌ನೆಕ್, ಚೆರಿಸ್ಟೋನ್, ಚೌಡರ್. ನಾಲ್ಕೂ ಬೇರೆ ಬೇರೆ ಜಾತಿ ಅಂದುಕೊಂಡಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಚೌಡರ್ ಚಿಪ್ಪನ್ನೇ ತಂದು ಸುಕ್ಕ ಮಾಡಿದೆ. ಮಸಾಲೆ ಚೆನ್ನಾಗಿಯೇ ಇತ್ತು. ಮಾಂಸ ಮಾತ್ರ ಹಲ್ಲಿಗೆ ಬಗ್ಗಲಿಲ್ಲ.

ಅವು ನಾಲ್ಕೂ ಒಂದೇ ಜೀವಿ. ಹೆಸರು ಮರ್ಸೆನೇರಿಯಾ ಮರ್ಸೆನೇರಿಯಾ, ಆಡುಮಾತಿನಲ್ಲಿ ಕೋಹಾಗ್. ಬದಲಾಗುವುದು ಗಾತ್ರ, ಅಂದರೆ ವಯಸ್ಸು. ಚಿಪ್ಪು ಬೆಳೆದಂತೆ ಒಳಗಿನ ಮಾಂಸ ಬಿಗಿಯಾಗುತ್ತದೆ. ಹಾಗಾಗಿ ಆ ಚೀಟಿಯನ್ನು ನಾನು ಈಗ ಅಡುಗೆಯ ಸೂಚನೆಯೆಂದೇ ಓದುತ್ತೇನೆ.

ಲಿಟಲ್‌ನೆಕ್ ಎಳೆಯದು, ಒಂದು ಪೌಂಡಿಗೆ ಸುಮಾರು 7ರಿಂದ 10 ತೂಗುತ್ತವೆ. ಹಸಿಯಾಗಿ ತಿನ್ನುವವರಿಗೆ, ಹಬೆಯಲ್ಲಿ ಬೇಯಿಸುವವರಿಗೆ ಇದೇ ಬೇಕು. ಅದಕ್ಕೇ ತೂಕಕ್ಕೆ ಹೋಲಿಸಿದರೆ ಚಿಕ್ಕದಕ್ಕೇ ಬೆಲೆ ಹೆಚ್ಚು. ಹೆಸರು ಕೇಳಿ ಇದರ ಕುತ್ತಿಗೆ ಗಿಡ್ಡವೆಂದು ಊಹಿಸಬೇಡಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಲಿಟಲ್ ನೆಕ್ ಕೊಲ್ಲಿಯಿದೆ, ಹೆಸರು ಅಲ್ಲಿಂದ ಬಂದದ್ದು. ಚೆರಿಸ್ಟೋನಿಗೂ ಚೆರಿ ಹಣ್ಣಿನ ಬೀಜಕ್ಕೂ ಸಂಬಂಧವಿಲ್ಲ; ಅದು ವರ್ಜೀನಿಯಾದ ಚೆರಿಸ್ಟೋನ್ ಎಂಬ ಹಳ್ಳದ ಹೆಸರು. ಟಾಪ್‌ನೆಕ್ ಇವೆರಡರ ನಡುವಿನದು. ಚೆರಿಸ್ಟೋನನ್ನು ಕೆಂಡದ ಮೇಲೆ ಸುಡಬಹುದು, ಬೇಕನ್ (ಹಂದಿಮಾಂಸ) ಚೂರು ಹಾಕಿ ಕ್ಲ್ಯಾಮ್ಸ್ ಕಸೀನೋ ಎಂಬ ಖಾದ್ಯ ಮಾಡಬಹುದು.

ಎಲ್ಲಕ್ಕಿಂತ ದೊಡ್ಡದು ಚೌಡರ್. ಇದನ್ನು ಸಣ್ಣಗೆ ಕೊಚ್ಚಲೇಬೇಕು. ನ್ಯೂ ಇಂಗ್ಲೆಂಡಿನವರು ಹಾಲು, ಆಲೂಗಡ್ಡೆ ಸೇರಿಸಿ ಬಿಳಿ ಚೌಡರ್ ಸೂಪು ಮಾಡುತ್ತಾರೆ. ಮ್ಯಾನ್‌ಹಟನ್ನಿನದು ಟೊಮೆಟೊ ಹಾಕಿದ ಕೆಂಪು ಸೂಪು. ರೋಡ್ ಐಲೆಂಡಿನಲ್ಲಿ ಕೊಚ್ಚಿದ ಮಾಂಸವನ್ನು ಬ್ರೆಡ್ಡಿನ ಜೊತೆ ಕಲಸಿ, ಚಿಪ್ಪಿಗೇ ತುಂಬಿ ಬೇಯಿಸುವ 'ಸ್ಟಫಿ' ಇದೆ. 1987ರಲ್ಲಿ ಕೋಹಾಗನ್ನು ರಾಜ್ಯದ ಚಿಪ್ಪೆಂದು ಘೋಷಿಸಿಕೊಂಡ ನಾಡು ಅದು.

ದೊಡ್ಡ ಚಿಪ್ಪು ಬಿಡಿಸಿದಾಗ ಒಳಬದಿಯನ್ನು ದಯವಿಟ್ಟು ನೋಡಿ. ಅಂಚಿನಲ್ಲಿ ನೇರಳೆ ಬಣ್ಣವಿರುತ್ತದೆ. ಇಲ್ಲಿನ ಮೂಲನಿವಾಸಿಗಳು ಆ ಭಾಗವನ್ನು ಕೊರೆದು ವಾಂಪಮ್ ಮಣಿ ಮಾಡುತ್ತಿದ್ದರು. 17ನೇ ಶತಮಾನದಲ್ಲಿ ವಲಸೆ ಬಂದ ಇಂಗ್ಲಿಷರೂ ಅದನ್ನು ಹಣವಾಗಿ ಬಳಸಿದರು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಕೊಟ್ಟ 'ಮರ್ಸೆನೇರಿಯಾ' ಎಂಬ ಹೆಸರಿನಲ್ಲಿ ಕೂಲಿ, ಸಂಬಳ ಎಂಬರ್ಥದ ಲ್ಯಾಟಿನ್ ಪದವಿದೆ. ಕೋಹಾಗ್ ಎಂಬುದೂ ಆ ಮೂಲನಿವಾಸಿಗಳಲ್ಲಿ ಒಬ್ಬರಾದ ನ್ಯಾರಗ್ಯಾನ್ಸೆಟ್ ಜನರ ನುಡಿಯಿಂದಲೇ ಬಂದದ್ದು. ಇಲ್ಲಿನ ಆಡುಮಾತಿನಲ್ಲಿ ಆ ಜನರ ಪದವೊಂದು ಉಳಿದಿರುವುದು ನನಗೆ ದೊಡ್ಡ ಸಂಗತಿ.

ಇನ್ನು ನಮ್ಮ ಅಡುಗೆ. ಸುಕ್ಕಕ್ಕೆ ಲಿಟಲ್‌ನೆಕ್ ತನ್ನಿ, ಒಂದು ಬದಿಯ ಚಿಪ್ಪು ಹಾಗೇ ಇರಲಿ. ತಟ್ಟಿದರೂ ಬಾಯಿ ಮುಚ್ಚದ ಹಸಿ ಚಿಪ್ಪನ್ನೂ, ಬೆಂದ ಮೇಲೂ ಬಾಯಿ ಬಿಡದ್ದನ್ನೂ ಎಸೆದುಬಿಡಿ. ಚೌಡರ್ ಚಿಪ್ಪೇ ಸಿಕ್ಕಿದರೆ ಕೊಚ್ಚಿ, ಪುಂಡಿಯ (ಅಕ್ಕಿ ಕಡುಬಿನ) ಜೊತೆ ಗಸಿ (ತೆಂಗಿನಕಾಯಿ ಮಸಾಲೆಯ ಸಾರು) ಮಾಡಿ. ಬೇಯುವಾಗ ಬಿಡುವ ನೀರಿನಲ್ಲೇ ಸಮುದ್ರದ ಉಪ್ಪಿರುತ್ತದೆ. ರುಚಿ ನೋಡಿ, ಬೇಕಾದರೆ ಮಾತ್ರ ಕೊನೆಗೆ ಉಪ್ಪು ಹಾಕಿ.