ಮಗುವಿನೊಡನೆ ಮನೆಯಿಂದಾಚೆಗೆ

ಕೇಳುಗರಿಗೆ ನಮಸ್ಕಾರ.

ಆಟಿಸಂ, ಅಂದರೆ ಸ್ವಲೀನತೆ ಇರುವ ಪುಟ್ಟ ಮಗುವೊಂದು ಮನೆಯಲ್ಲಿದ್ದರೆ, ಆ ಕುಟುಂಬದ ಹೊರಗಿನ ಓಡಾಟ ಸದ್ದಿಲ್ಲದೆ ಕಡಿಮೆಯಾಗುತ್ತ ಹೋಗುತ್ತದೆ. ಮೊದಲು ಮದುವೆ ಮುಂಜಿಗಳು ತಪ್ಪುತ್ತವೆ, ಆಮೇಲೆ ಜಾತ್ರೆ, ದೇವಸ್ಥಾನ, ಹೋಟೆಲು. ಕೊನೆಗೆ ಒಂದು ಕಾರ್ಯಕ್ಕೆ ತಂದೆ, ಇನ್ನೊಂದಕ್ಕೆ ತಾಯಿ ಎಂದು ಸರದಿಯ ಮೇಲೆ ಹೋಗಿಬರುವ, ಎಲ್ಲರೂ ಕೂಡಿ ಎಲ್ಲಿಗೂ ಹೋಗದ ಸ್ಥಿತಿ ಬರುತ್ತದೆ. ವಿಶೇಷ ಶಿಕ್ಷಕಿಯಾಗಿ ಇಂಥ ಅನೇಕ ಮನೆಗಳನ್ನು ಹತ್ತಿರದಿಂದ ಕಂಡಿರುವ ನಾನು ತಂದೆತಾಯಿಯರಲ್ಲಿ ಕೇಳಿಕೊಳ್ಳುವುದು ಒಂದೇ. ಹೊರಗೆ ಹೋಗುವುದನ್ನು ಬಿಡಬೇಡಿ; ಆದರೆ ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ಹಿಂದಿರುಗಬೇಕು ಎಂಬುದನ್ನು ಮಗುವಿನ ಶಕ್ತಿ ನೋಡಿ ತೀರ್ಮಾನಿಸಿ.

ಈ ಮಕ್ಕಳಲ್ಲಿ ಅನೇಕರಿಗೆ ಸದ್ದು, ಬೆಳಕು, ವಾಸನೆ, ಸ್ಪರ್ಶಗಳು ನಮಗೆ ತಟ್ಟುವ ಹಾಗೆ ತಟ್ಟುವುದಿಲ್ಲ. ಕೆಲವರಿಗೆ ವಿಪರೀತವಾಗಿ ತಟ್ಟುತ್ತವೆ, ಕೆಲವರಿಗೆ ತೀರ ಕಡಿಮೆ. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ತಾಯಂದಿರು ಬಹುಕಾಲದಿಂದ ಹೇಳುತ್ತ ಬಂದಿದ್ದ ಈ ಮಾತು, ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿತು. ಮಂಗಳಾರತಿಯ ಹೊತ್ತಿಗೆ ಗುಂಡಿ ಒತ್ತಿದೊಡನೆ ಬಾರಿಸತೊಡಗುವ ವಿದ್ಯುತ್ ನಗಾರಿ, ಹೋಟೆಲಿನಲ್ಲಿ ಕೈ ಒಡ್ಡಿದ ಕೂಡಲೇ ಭರ್ರೆನ್ನುವ ಬಿಸಿಗಾಳಿಯ ಯಂತ್ರ, ಇವು ಅಂಥ ಮಗುವಿಗೆ ನಿಜವಾದ ನೋವನ್ನೇ ಕೊಡಬಲ್ಲವು. ಆಗ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಹೊರಳುವ ಮಗು ಹಠ ಮಾಡುತ್ತಿದೆಯೆಂದು ಸುತ್ತಲಿನವರು ತಿಳಿಯುತ್ತಾರೆ. ಹಠ ಮಾಡುವ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಸಹಿಸಲಾರದೆ ಕುಸಿದ ಮಗುವಿಗೆ ಐಸ್‌ಕ್ರೀಂ ಕೊಟ್ಟರೂ ಫಲವಿಲ್ಲ, ಗದರಿಸಿದರೂ ಫಲವಿಲ್ಲ. ಆ ಸದ್ದು ಕೇಳಿಸದ ಕಡೆಗೆ ಅದನ್ನು ಕರೆದೊಯ್ದು, ಮಾತು ಕಡಿಮೆ ಮಾಡಿ, ಬಳಿಯಲ್ಲಿ ಕುಳಿತುಕೊಳ್ಳಬೇಕು.

ಮೈಸೂರಿನ ಮೃಗಾಲಯಕ್ಕೆ ಹೋಗುವುದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1892ರಲ್ಲಿ ಆರಂಭವಾದ ಈ ಮೃಗಾಲಯದ ಬಾಗಿಲು ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಸಾಮಾನ್ಯವಾಗಿ ಮಂಗಳವಾರ ರಜೆ. ದಸರೆಯ ದಿನಗಳನ್ನೂ ಬೇಸಿಗೆ ರಜೆಯ ಭಾನುವಾರಗಳನ್ನೂ ಬಿಟ್ಟು, ವಾರದ ನಡುವಿನ ಒಂದು ದಿನ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಒಳ್ಳೆಯದು. ಅದಕ್ಕೆ ಹಿಂದಿನ ಕೆಲವು ದಿನ ಟಿಕೆಟ್ ಕೌಂಟರ್, ಆನೆ, ಊಟದ ಡಬ್ಬಿ, ಮನೆ, ಹೀಗೆ ನಾಲ್ಕು ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಇದಾದ ಮೇಲೆ ಇದು ಎಂದು ಮಗುವಿಗೆ ತೋರಿಸುತ್ತ ಬನ್ನಿ. ಅಲ್ಲಿಗೆ ಹೋದ ಮೇಲೆ ಒಂದೊಂದು ಮುಗಿದಂತೆ ಆ ಚಿತ್ರವನ್ನು ಮಗುವಿನ ಕೈಯಿಂದಲೇ ಮಗುಚಿಸಿ. ಮುಂದೇನು ಎಂಬುದು ಗೊತ್ತಿಲ್ಲದಿರುವುದೇ ಈ ಮಕ್ಕಳ ದೊಡ್ಡ ಭಯ. ಅದರಲ್ಲಿಯೂ ಮನೆಯ ಚಿತ್ರ ಕೊನೆಗೆ ಇದ್ದೇ ಇರಬೇಕು. ಟಿಕೆಟ್ಟಿನ ಸಾಲಿನಲ್ಲಿ ಒಬ್ಬರು ನಿಂತು, ಇನ್ನೊಬ್ಬರು ಮಗುವನ್ನು ಮರದ ನೆರಳಿನಲ್ಲಿ ಅಡ್ಡಾಡಿಸಬಹುದು. ಕಿವಿಗೆ ಹಾಕುವ ಸದ್ದು ತಡೆಯುವ ಹೆಡ್‌ಫೋನನ್ನು ಮನೆಯಲ್ಲಿಯೇ ಅಭ್ಯಾಸ ಮಾಡಿಸಿರಬೇಕು, ದಾರಿಯಲ್ಲಿ ಹೊಸದಾಗಿ ತೊಡಿಸಲು ಹೋದರೆ ಕಿತ್ತೆಸೆಯುವ ಮಕ್ಕಳೇ ಹೆಚ್ಚು. ಊಟ ಮನೆಯದೇ ಇರಲಿ, ದಿನವೂ ತಿನ್ನುವ ಅದೇ ಮೊಸರನ್ನ, ಅದೇ ಡಬ್ಬಿಯಲ್ಲಿ.

ಇಷ್ಟೆಲ್ಲ ಮಾಡಿದ ಮೇಲೆ ಮಗು ಆನೆಯ ಕಡೆ ನೋಡದೆ ಹೋಗಬಹುದು. ಪಕ್ಷಿಗಳ ಪಂಜರದ ಮುಂದೆ ನಿಂತು, ಜಾಲರಿಯ ತಂತಿಯ ಮೇಲೆ ಬೆರಳನ್ನು ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಕ್ಕೆ ಓಡಿಸುತ್ತ, ಒಂದೊಂದು ಗಂಟಿನ ಬಳಿಯೂ ನಿಲ್ಲಿಸಿ, ತನ್ನಷ್ಟಕ್ಕೆ ನಗುತ್ತಿದ್ದ ಒಬ್ಬ ಹುಡುಗನನ್ನು ನಾನು ಕಂಡಿದ್ದೇನೆ. ಅವನ ತಾಯಿ ಅವನ ಗಲ್ಲ ಹಿಡಿದು ನವಿಲಿನ ಕಡೆ ತಿರುಗಿಸಲಿಲ್ಲ, ತಾನೂ ಒಂದು ಬೆರಳನ್ನು ಆ ತಂತಿಯ ಮೇಲೆ ಇಟ್ಟರು. ಅವರಿಬ್ಬರೂ ಅಂದು ಹುಲಿಯ ಆವರಣದವರೆಗೆ ಹೋಗಲೇ ಇಲ್ಲ. ಒಂದು ಗಂಟೆಯೊಳಗೆ, ಮಗು ಇನ್ನೂ ಗೆಲುವಾಗಿರುವಾಗಲೇ, ಹೊರಗೆ ಬಂದರು. ಕೊಟ್ಟ ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಯಾರೂ ಮರುಗಬೇಕಾಗಿಲ್ಲ. ದಣಿಯುವ ಮುಂಚೆ ಹಿಂದಿರುಗಿದ ಮಗು ಮುಂದಿನ ಸಲ ಹೊರಡಲು ಒಪ್ಪುತ್ತದೆ.

ಮದುವೆಯ ಮನೆ ಇದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಸದ್ದಿನ ಜೊತೆಗೆ ಬಂಧುಗಳ ನಿರೀಕ್ಷೆಯೂ ಇರುತ್ತದೆ. ಮುಹೂರ್ತದ ಗಳಿಗೆಗೆ ಗಟ್ಟಿಮೇಳ ಮೊಳಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ, ಅದಕ್ಕೆ ಮೊದಲೇ ಮಗುವನ್ನು ಹೊರಗೆ ಕರೆದೊಯ್ಯುವುದು ಸುಲಭ. ಬೆಳಗಿನ ತಿಂಡಿಯ ಹೊತ್ತಿಗೆ ಬಂದು, ವಧೂವರರನ್ನು ಮಾತನಾಡಿಸಿ, ಹೊರಟುಬಿಟ್ಟರೂ ಸಾಕು. ಮದುವೆ ಮಾಡುವವರಲ್ಲಿ ನನ್ನ ಬಿನ್ನಹವೂ ಇದೆ: ಛತ್ರದ ಒಂದು ಕೋಣೆಯ ಬೀಗದ ಕೈಯನ್ನು ಆ ತಂದೆತಾಯಿಯ ಕೈಗೆ ಕೊಡಿ, ಮಗುವಿನ ಕೆನ್ನೆ ಹಿಂಡಬೇಡಿ, "ಕಾಲಿಗೆ ಬೀಳು, ಹೆಸರು ಹೇಳು" ಎಂದು ಒತ್ತಾಯಿಸಬೇಡಿ, ಮುಹೂರ್ತಕ್ಕೆ ಇರಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಲಾಗದು. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೇಳದೆ ಕೇಳದೆ ಹೊರಟುಹೋಗಲು ಯತ್ನಿಸಿದ್ದರೆಂದು ತಂದೆತಾಯಿಯರೇ ತಿಳಿಸಿದ್ದರು. ಇವರಲ್ಲಿ ಅನೇಕರಿಗೆ ನೀರಿನ ಸೆಳೆತ ಬಲವಾಗಿರುತ್ತದೆ. ಕೆರೆ, ಕಲ್ಯಾಣಿ, ಹೊಳೆಯ ಸೋಪಾನ ಇರುವ ನಮ್ಮ ಕ್ಷೇತ್ರಗಳಲ್ಲಿ ಇದು ಜೀವದ ಪ್ರಶ್ನೆ. ಹತ್ತು ಜನ ಬಂಧುಗಳು ಜೊತೆಗಿರುವಾಗಲೇ ಮಗು ಕಣ್ಣು ತಪ್ಪಿಸುವುದು, ಯಾಕೆಂದರೆ ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸಿರುತ್ತಾರೆ. ಆದ್ದರಿಂದ "ಈಗ ಮಗು ನನ್ನ ಕೈಯಲ್ಲಿದೆ" ಎಂದು ಒಬ್ಬರು ಬಾಯಿಬಿಟ್ಟು ಹೇಳಿಯೇ ವಹಿಸಿಕೊಳ್ಳಬೇಕು. ಅಂಗಿಯ ಒಳಭಾಗದಲ್ಲಿ ಫೋನ್ ನಂಬರ್ ಬರೆದ ಬಟ್ಟೆಯ ಚೂರು ಹೊಲಿದಿರಲಿ, ಅಂದಿನ ಉಡುಪಿನಲ್ಲಿ ತೆಗೆದ ಫೋಟೊ ಮೊಬೈಲಿನಲ್ಲಿರಲಿ. ಮಗು ಕಾಣದಿದ್ದರೆ ಮೊದಲು ನೀರಿರುವ ಕಡೆಗೆ ಓಡಿ, ಜೊತೆಯವರು 112ಕ್ಕೆ ಕರೆ ಮಾಡಲಿ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಆಟಿಸಂ ಹೆಸರಿಸಿಯೇ ಸೇರಿದೆ. ಆದ್ದರಿಂದ ಉದ್ದನೆಯ ಸಾಲಿನಲ್ಲಿ ವಿನಾಯಿತಿ ಕೇಳಲು ಸಂಕೋಚ ಬೇಡ, ಅಂಗವಿಕಲರ ಗುರುತಿನ ಚೀಟಿ ಕೈಯಲ್ಲಿದ್ದರೆ ವಿವರಿಸುವ ಕಷ್ಟವೂ ತಪ್ಪುತ್ತದೆ. ಯಾವ ಮಗುವಿಗೆ ಯಾವ ಸಿದ್ಧತೆ ಹೊಂದುತ್ತದೆ ಎಂಬುದಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರ ಸಲಹೆ ದೊರೆಯುತ್ತದೆ.

ಅಕ್ಕನೋ ಅಣ್ಣನೋ ಇರುವ ಮನೆಯಲ್ಲಿ ಆ ಮಗುವಿಗೂ ಒಂದು ದಿನ ಮೀಸಲಿರಬೇಕು, ತಂದೆಯೊಡನೆಯೋ ತಾಯಿಯೊಡನೆಯೋ ಹುಲಿಯವರೆಗೂ ಹೋಗಿ ಬರಲಿ. ಅಜ್ಜ, ಅಜ್ಜಿ, ಚಿಕ್ಕಪ್ಪ, ಸೋದರಮಾವ ಇವರು ನೆರವಾಗಲು ಬಯಸಿದರೆ ಉಪದೇಶಕ್ಕಿಂತ ಉಪಕಾರವಾಗುವ ಕೆಲಸಗಳಿವೆ: ಬೆಳಿಗ್ಗೆ ಮುಂಚಿತವಾಗಿ ಹೋಗಿ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವುದು, ಚೀಲ ಹಿಡಿದುಕೊಳ್ಳುವುದು, ಮಗು ಸಾಕೆಂದ ಗಳಿಗೆಗೆ ಆಟೋ ಕರೆದು ಬಾಗಿಲ ಬಳಿ ನಿಲ್ಲಿಸಿರುವುದು.

ನಮಸ್ಕಾರ.