ಎಡಗಡೆ ಸೀಟು

ಕೇಳುಗರಿಗೆಲ್ಲ ನಮಸ್ಕಾರ. ಮೂವತ್ತು ವರ್ಷ ಲಾರಿ ಓಡಿಸಿ, ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದೇನೆ. ಅವರೆಲ್ಲ ಕೇಳುವುದು ಒಂದೇ. "ಸಾರ್, ಹೆವಿ ಲೈಸೆನ್ಸ್ ಆಯ್ತು. ಹೋದಲ್ಲೆಲ್ಲ ಅನುಭವ ಇದೆಯಾ ಅಂತಾರೆ. ಕೆಲಸಾನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರುತ್ತೆ?" ನ್ಯಾಯವಾದ ಪ್ರಶ್ನೆ. ಉತ್ತರ ಮಾತ್ರ ಯಾರಿಗೂ ಹಿಡಿಸುವುದಿಲ್ಲ. ಎಡಗಡೆ ಸೀಟಿನಲ್ಲಿ ಕೂರಿ. ಕ್ಲೀನರ್ ಆಗಿ.

ಮುಖ ಸಿಂಡರಿಸಬೇಡಿ, ಕೇಳಿ.

ಕಾಗದಪತ್ರದ ವಿಷಯ ಮೊದಲು ಮುಗಿಸಿಬಿಡೋಣ. ವಯಸ್ಸು 20 ತುಂಬಿರಬೇಕು. ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆದ ಮೇಲೇ ಹೆವಿಗೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್. 20 ತುಂಬಿದ್ದರೆ ಆ ಒಂದು ವರ್ಷ ಸುಮ್ನೆ ಕೂರಬೇಕಿಲ್ಲ. ಲೋಡು ಸೇರಿ 7,500 ಕೆ.ಜಿ. ಒಳಗಿನ ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು. ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲೂ ಇದನ್ನೇ ಹೇಳಿದೆ. ಪಿಕಪ್‌ನಲ್ಲಿ ತರಕಾರಿ ಹೊಡೆಯಿರಿ, ಅದೂ ಅನುಭವವೇ.

ಈಗ ನನ್ನ ಕಥೆ. 1991ರಲ್ಲಿ ಹೊಸ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಒಬ್ಬ ಮಾಲೀಕರ ಹತ್ತಿರ ಹೋದೆ. ಇಸ್ತ್ರಿ ಶರ್ಟು ಬೇರೆ. ಅವರು ಲೈಸೆನ್ಸ್ ಕೇಳಲೇ ಇಲ್ಲ. "ಹೋಗೋ, ಆ ಲಾರಿ ಸುತ್ತ ಒಂದು ಸುತ್ತು ಬಾ" ಅಂದರು. ಬಂದೆ. "ಏನು ನೋಡಿದೆ?" "ಲಾರಿ ಚೆನ್ನಾಗಿದೆ ಸಾಹುಕಾರ್ರೇ." ಅವರು ನಗಲಿಲ್ಲ. ಕ್ಲೀನರ್ ಹುಡುಗನನ್ನು ಕರೆದರು. ನನಗಿಂತ ಚಿಕ್ಕವನು. ಅವನು ಕಬ್ಬಿಣದ ರಾಡಿನಿಂದ ಟೈರುಗಳನ್ನು ಒಂದೊಂದಾಗಿ ಬಡಿಯುತ್ತಾ ಹೋದ. ಟಣ್, ಟಣ್, ಟಣ್... ಹಿಂದಿನ ಜೋಡಿ ಟೈರಿನ ಒಳಗಿನದಕ್ಕೆ ಬಡಿದಾಗ ಮಾತ್ರ ದಪ್ ಅಂತು. ಗಾಳಿ ಇರಲಿಲ್ಲ. ಹೊರಗಿನ ಟೈರು ಭಾರ ಹೊತ್ತು ನಿಂತಿರುತ್ತೆ, ಒಳಗಿನದು ಇಳಿದಿದ್ದು ಕಣ್ಣಿಗೆ ಕಾಣಲ್ಲ. ಹಾಗೇ ಓಡಿಸಿದ್ದರೆ ಎರಡೂ ಹೋಗುತ್ತಿದ್ದವು. ಅವತ್ತೇ ಆ ಲಾರಿಗೆ ಹತ್ತಿದೆ. ಎಡಗಡೆಗೆ.

ಹನ್ನೊಂದು ತಿಂಗಳು. ಟಾರ್ಪಾಲು ಕಟ್ಟಿದೆ, ಗ್ರೀಸ್ ಹೊಡೆದೆ, ರಿವರ್ಸ್‌ನಲ್ಲಿ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ಕೂಗಿದೆ. ಒಂದು ರಾತ್ರಿ ಈರುಳ್ಳಿ ಲೋಡು ಮಂಗಳೂರಿಗೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ನಮ್ಮ ಡ್ರೈವರ್ ಅಣ್ಣ ಇಳಿಜಾರು ಶುರುವಾಗುವ ಮುಂಚೆಯೇ ಗೇರು ಇಳಿಸಿದರು. ನಾನು ಜಾಣತನ ತೋರಿಸಿದೆ. "ಅಣ್ಣಾ, ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತಲ್ವಾ?" ಅವರು ಏನೂ ಹೇಳದೆ ಮುಂದಿನ ಲಾರಿ ಕಡೆ ಮೂಗು ತೋರಿಸಿದರು. ಸುಟ್ಟ ವಾಸನೆ. ಬರೀ ಬ್ರೇಕ್ ಒತ್ತಿ ಒತ್ತಿ ಇಳಿಸುತ್ತಿದ್ದ ಅವನು. ಚಕ್ರದೊಳಗಿನ ಬ್ರೇಕ್ ಡ್ರಮ್ ಕಾದರೆ ಬ್ರೇಕ್ ಹಿಡಿಯಲ್ಲ, ಆಗ ಪೆಡಲ್ ಎಷ್ಟು ತುಳಿದರೂ ಅಷ್ಟೇ. ಹತ್ತುವ ಗೇರಿನಲ್ಲೇ ಇಳಿಸಬೇಕು, ಎಂಜಿನ್ನೇ ಲಾರಿಯನ್ನು ಹಿಡಿಯಬೇಕು. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆಸಿದ್ದೇನೆ. ಆ ವಾಸನೆ ಬೋರ್ಡಿನಲ್ಲಿ ಬರಲ್ಲ. ಅದು ಎಡಗಡೆ ಸೀಟಿಗೇ ಬರುವುದು.

ಅಯ್ಯೋ, ಎರಡೇ ನಿಮಿಷ ಉಳಿದಿದೆಯಂತೆ. ಬೇಗ ಬೇಗ ಹೇಳುತ್ತೇನೆ.

ಈಗ ಎಷ್ಟೋ ಲಾರಿಯಲ್ಲಿ ಕ್ಲೀನರ್ ಇಲ್ಲ. ಸಂಬಳ ಉಳಿಯಲಿ ಅಂತ ಮಾಲೀಕರು ಒಬ್ಬರನ್ನೇ ಕಳಿಸುತ್ತಾರೆ. ಅಂದರೆ ಎಡಗಡೆ ಸೀಟು ಖಾಲಿ ಇದೆ. ಮಾಲೀಕರನ್ನಲ್ಲ, ಡ್ರೈವರ್‌ಗಳನ್ನು ಕೇಳಿ. ಯಶವಂತಪುರದ ಟ್ರಕ್ ಟರ್ಮಿನಲ್, ನಿಮ್ಮೂರಿನ ಎಪಿಎಂಸಿ ಯಾರ್ಡು, ಟೈರು ಅಂಗಡಿ, ಇಲ್ಲೆಲ್ಲ ಸಿಗುತ್ತಾರೆ. ಸಂಜೆ ಲೋಡು ಹೊರಡುವ ಗಡಿಬಿಡಿಯಲ್ಲಿ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಧ್ಯಾಹ್ನ ಊಟ ಮುಗಿಸಿ ಲಾರಿ ನೆರಳಲ್ಲಿ ಮಲಗಿರುತ್ತಾರಲ್ಲ, ಆಗ ಹೋಗಿ. ಕೆಲಸ ಕೊಡಿಸ್ತೀನಿ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕುಡಿದು ಓಡಿಸುವ ಡ್ರೈವರ್ ಪಕ್ಕ ಒಂದು ದಿನವೂ ಕೂರಬೇಡಿ.

ಸೆಖೆ ಅಂತೀರಾ? 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. ನಮ್ಮ ಕಾಲದಲ್ಲಿ ಎಂಜಿನ್ ಬಿಸಿ ನೇರ ಮೊಣಕಾಲಿಗೇ ಬರುತ್ತಿತ್ತು. ಆ ತಂಪೂ ಎಡಗಡೆ ಸೀಟಿಗೆ ಬರುತ್ತೆ ಬಿಡಿ.

ನಾಳೆ ಹೋಗುವವರು ಇಸ್ತ್ರಿ ಶರ್ಟು ಮನೆಯಲ್ಲೇ ಬಿಟ್ಟು ಹೋಗಿ. ಟಾರ್ಪಾಲು ಕಟ್ಟು ಬಾ ಅಂತ ಅಲ್ಲೇ ಕರೆದುಬಿಡಬಹುದು. ನಮಸ್ಕಾರ.